‘ಪಡ್ಲೇದು’ ಎಂದಿದ್ದರು ಸಣ್ಣಮ್ಮ

ಸಣ್ಣಮ್ಮ ಅಂದು ನನಗೆ ಹೇಳಿದ್ದರು. ಹೇಳಲಿಲ್ಲ ಎಂದು ಕಾಗದದ ಮೇಲೆ ಬರೆದವಳು ನಾನು.

ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಮುಂದಿನದನ್ನು ಓದಲು ಪುರುಸೊತ್ತಿಲ್ಲದವರು ಇಲ್ಲಿಗೇ ನಿಲ್ಲಿಸಿದರೂ ನಡೆಯುತ್ತದೆ. ಸಣ್ಣಮ್ಮನ ಬಗ್ಗೆ ಯಾರಾದರೂ ಏನಾದರೂ ಅಂದಾಗ ಆ ಎರಡು ವಾಕ್ಯ ನೆನಪಿಗೆ ಬಂದರೆ ಸಾಕು. ಅವರು ಹೇಳಿದ ಮಾತನ್ನು ನಾನು ತಪ್ಪಾಗಿ ತಿಳಿದುಕೊಂಡೆ — ಅದು ತಪ್ಪು. ತಪ್ಪಾಗಿ ತಿಳಿದುಕೊಂಡೆ ಎಂದು ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ — ಅದಕ್ಕೆ ತಪ್ಪು ಎನ್ನುವ ಪದ ಸಾಲದು.

ನನ್ನ ಹೆಸರು ಪದ್ಮಾವತಿ. ಊರು ಹಿಂದೂಪುರ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನರ್ಸ್ ಕೆಲಸ ಮಾಡಿದ್ದೇನೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕೇಸ್ ಶೀಟಿನಲ್ಲಿ ಇಂಗ್ಲಿಷು — ನಮ್ಮ ಕಡೆ ಎಲ್ಲರ ನಾಲಿಗೆಯೂ ಹೀಗೇ. ನನಗೆ ಒಂದು ಅಭ್ಯಾಸವಿದೆ. ಸಂಜೆ ಮನೆಗೆ ಬಂದು ಕೈಕಾಲು ತೊಳೆದು, ಒಲೆಯ ಮೇಲೆ ಬೇಳೆ ಇಟ್ಟು, ಅದು ಬೇಯುವಷ್ಟರಲ್ಲಿ ಆ ದಿನದ ನಾಲ್ಕು ಸಾಲು ಡೈರಿಯಲ್ಲಿ ಬರೆಯುತ್ತೇನೆ. ದೊಡ್ಡ ವಿಚಾರವೇನೂ ಇರುವುದಿಲ್ಲ. ಹುರುಳಿಕಾಳು ನೆನೆಹಾಕಿದ್ದು, ನೀರು ಬಿಡದೇ ಇದ್ದದ್ದು, ವಾರ್ಡಿನಲ್ಲಿ ಎಷ್ಟು ಹೆರಿಗೆ, ಯಾರು ಏನಂದರು. ನಮ್ಮ ಯಜಮಾನರು ಹುಣಸೆಹಣ್ಣಿನ ಮಂಡಿಯಲ್ಲಿ ಕೆಲಸ ಮಾಡುವವರು, ನಗುತ್ತಿರುತ್ತಾರೆ: “ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ನಾನು ಬೈದಿದ್ದೂ ಬರ್ಕೊಂಡ್ಯಾ? ಮುಂದೆ ಕೋರ್ಟಿಗೆ ಬೇಕಾಗುತ್ತೆ ಕಣೆ!”

ತಮಾಷೆಗೆ ಅಂದಿದ್ದು. ಆ ಡೈರಿಯ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಐದು ವರ್ಷದ ಹಿಂದೆ ಕಲ್ಯಾಣದುರ್ಗದ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿದ್ದೆ. ಅಷ್ಟರಲ್ಲಿ ನಾನು ಬರೀ ಸ್ಟಾಫ್ ನರ್ಸ್ ಆಗಿರಲಿಲ್ಲ. ನಲವತ್ತು ದಾಟಿದ ಮೇಲೆ, ಮಕ್ಕಳ ವಯಸ್ಸಿನವರ ಜೊತೆ ಬೆಂಚಿನಲ್ಲಿ ಕೂತು, ಹದಿನೆಂಟು ತಿಂಗಳ ತರಬೇತಿ ಮುಗಿಸಿ ನರ್ಸ್ ಪ್ರಾಕ್ಟಿಷನರ್ ಆಗಿದ್ದೆ. ಹೆರಿಗೆಯಲ್ಲಿ ತೊಡಕಿಲ್ಲದಿದ್ದರೆ ಮೊದಲಿನಿಂದ ಕೊನೆಯವರೆಗೆ ನಾನೇ ನೋಡಿಕೊಳ್ಳಬಹುದು. ಡಾಕ್ಟರನ್ನು ಕೇಳದೆಯೂ ಕೊಡಬಹುದಾದ ಔಷಧಗಳ ಪಟ್ಟಿಯೊಂದು ಗೋಡೆಯ ಮೇಲೆ ಅಂಟಿಸಿತ್ತು. ಅಲ್ಲಿಯವರೆಗೆ ನನ್ನ ಸಹಿಯ ಮೇಲೆ ಯಾವಾಗಲೂ ಇನ್ನೊಬ್ಬರ ಸಹಿ ಇರುತ್ತಿತ್ತು. ಈಗ ನನ್ನದೇ ಕೊನೆಯ ಸಹಿ. ಆ ಹೆಮ್ಮೆ ನನಗಿತ್ತು. ಇದ್ದದ್ದನ್ನು ಇಲ್ಲ ಎನ್ನಲಾರೆ — ಇವತ್ತಿಗೂ ಇದೆ. ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ.

ಆ ದಿನ ಬೆಳಿಗ್ಗೆ ಭಾಗ್ಯ ಬಂದಳು. ಚೊಚ್ಚಲ ಬಸುರಿ, ದಿನ ತುಂಬಿದ್ದವು. ಹಿಂದಿನ ಸಂಜೆಯೇ ನೀರು ಹೋಗಿತ್ತಂತೆ, ನೋವು ಈಗ ಶುರುವಾಗಿತ್ತು. ಜೊತೆಯಲ್ಲಿ ಅತ್ತೆ ಸಣ್ಣಮ್ಮ. ಕೈಯಲ್ಲಿ ಹಳೆಯ ಸೀರೆಯ ತುಂಡುಗಳನ್ನು ಒಗೆದು ಮಡಿಸಿ ತುಂಬಿದ ಚೀಲ. ಗಂಡ ಓಬಳೇಶ ಮೋಟಾರು ರಿಪೇರಿಯವನು, ಎಣ್ಣೆ ಕೈಯಲ್ಲೇ ಓಡಿಬಂದವನು, ಬಾಗಿಲ ಹೊರಗೆ ನಿಂತಿದ್ದ. ಸಣ್ಣಮ್ಮನ ತವರು ಪಾವಗಡದ ಕಡೆ. ನನ್ನ ಮಾತಿನ ರಾಗ ಕೇಳಿದವರೇ, “ಅಯ್ಯೋ, ನಮ್ಮ ಕನ್ನಡದೋಳು ಕಣಪ್ಪ ಈಯಮ್ಮ! ಇನ್ನು ಭಯ ಇಲ್ಲ” ಎಂದು ಮಗನಿಗೆ ಕೂಗಿ ಹೇಳಿದರು.

ಇನ್ನು ಭಯ ಇಲ್ಲ — ಈ ಮಾತೂ ನನ್ನ ಡೈರಿಯಲ್ಲಿದೆ.

ನೀರು ಹೋಗಿ ಅಷ್ಟು ಹೊತ್ತಾದರೆ ತಾಯಿಗೂ ಮಗುವಿಗೂ ಸೋಂಕು ತಗಲಬಾರದೆಂದು ಒಂದು ಆಂಟಿಬಯಾಟಿಕ್ ಸೂಜಿ ಕೊಡುತ್ತೇವೆ. ಗೋಡೆಯ ಪಟ್ಟಿಯಲ್ಲಿ ಅದಿತ್ತು. ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿದ್ದರು. ನಾನು ಬಿಳಿ ಪುಡಿಯ ಬಾಟಲಿಗೆ ನೀರು ಬೆರೆಸಿ ಅಲ್ಲಾಡಿಸುತ್ತಾ ಸಣ್ಣಮ್ಮನನ್ನು ಕೇಳಿದೆ — ಭಾಗ್ಯ ನೋವಿನಲ್ಲಿ ಮಂಚದ ಸರಳು ಹಿಡಿದು ಕೂಗುತ್ತಿದ್ದಳು, ಅವಳನ್ನು ಕೇಳಲಿಲ್ಲ — “ಅಜ್ಜಿ, ಈ ಸೂಜಿ ಇವ್ಳಿಗೆ ಹಿಂದೆ ಯಾವಾಗ್ಲಾದ್ರೂ ಹಾಕ್ಸಿದ್ರಾ?”

ಸಣ್ಣಮ್ಮ ಬಾಟಲಿಯನ್ನು ಕಣ್ಣು ಕಿರಿದು ಮಾಡಿ ನೋಡಿದರು. “ಈ ಬಿಳಿ ಪುಡೀದಾ? ಪಡ್ಲೇದು ಕಣಮ್ಮ” ಎಂದರು. ಹಾಗೆನ್ನುತ್ತಾ ತಮ್ಮ ಬಲಗೈಯಿಂದ ಎಡಮುಂಗೈಯನ್ನು ಮೇಲಿನಿಂದ ಕೆಳಗೆ ಎರಡು ಸಲ ಸವರಿಕೊಂಡರು.

ತೆಲುಗು ಬಾರದವರಿಗೆ ಇದನ್ನು ಬಿಡಿಸಿ ಹೇಳಬೇಕು. ಪಡು ಎಂದರೆ ಬೀಳು. ಪಡಲೇದು ಎಂದರೆ ಬೀಳಲಿಲ್ಲ. ಸೂಜಿಯೋ ಲಸಿಕೆಯೋ ಇನ್ನೂ ಹಾಕಿಸಿಲ್ಲ ಎನ್ನುವುದಕ್ಕೂ ನಮ್ಮ ಕಡೆ ಹಾಗೇ ಅನ್ನುತ್ತಾರೆ — ಎರಡನೇ ಡೋಸು ಪಡಲೇದು, ಅಂದರೆ ಎರಡನೇ ಡೋಸು ಬಿದ್ದಿಲ್ಲ. ಆದರೆ ಅದೇ ಪದಕ್ಕೆ ಇನ್ನೊಂದು ಅರ್ಥವಿದೆ. ಒಗ್ಗಲಿಲ್ಲ, ಮೈಗೆ ಆಗಿಬರಲಿಲ್ಲ. ನಮ್ಮ ಯಜಮಾನರಿಗೆ ಬದನೆಕಾಯಿ ಪಡದು. ತಿಂದರೆ ಮೈಯೆಲ್ಲಾ ನವೆ. ಈ ಮಾತನ್ನು ನಾನು ಮದುವೆಯಾದಾಗಿನಿಂದ ಹೋದ ಮನೆಯಲ್ಲೆಲ್ಲಾ, ಎಲೆಯ ಮುಂದೆ ಕೂತಾಗಲೆಲ್ಲಾ ಹೇಳಿಕೊಂಡು ಬಂದಿದ್ದೇನೆ. ಅಂಥ ನನಗೇ —

ನಾನು ಕೇಳಿಸಿಕೊಂಡದ್ದು: ಈ ಸೂಜಿ ಇವಳಿಗೆ ಇದುವರೆಗೆ ಬಿದ್ದಿಲ್ಲ.

ಸಣ್ಣಮ್ಮ ಹೇಳಿದ್ದು: ಈ ಸೂಜಿ ಇವಳಿಗೆ ಒಗ್ಗಲಿಲ್ಲ.

ಮುಂಗೈ ಸವರಿಕೊಂಡದ್ದು ದದ್ದು ಎದ್ದದ್ದನ್ನು ತೋರಿಸಲು. ಸೂಜಿಯನ್ನು ಕೈಗೆ ಹಾಕುತ್ತೀರಾ ಎಂದು ಕೇಳುತ್ತಿದ್ದಾರೆ ಎಂದುಕೊಂಡ ನಾನು, “ಹೂಂ ಅಜ್ಜಿ, ಕೈಗೇ” ಎಂದೆ. ಅವರು ತಲೆ ಆಡಿಸಿದರು. ತಾನು ಹೇಳಿದ್ದು ಈಯಮ್ಮನಿಗೆ ತಿಳಿಯಿತು, ಇನ್ನು ಇವಳು ನೋಡಿಕೊಳ್ಳುತ್ತಾಳೆ ಎಂಬ ನಂಬಿಕೆಯಿಂದ ಆಡಿಸಿದ ತಲೆ ಅದು. ನಾನು ನಿಯಮದಂತೆ ಚರ್ಮದಡಿ ಒಂದು ಚುಕ್ಕೆಯಷ್ಟು ಟೆಸ್ಟ್ ಡೋಸ್ ಹಾಕಿ ಅರ್ಧ ಗಂಟೆ ಕಾದೆ. ಏನೂ ಕಾಣಲಿಲ್ಲ. ಆ ಚುಕ್ಕೆಯನ್ನೇ ನಂಬಿ ಮಿಕ್ಕದ್ದನ್ನು ಮರೆಯಬಾರದೆಂದು ನಮಗೆ ಕಲಿಸಿದ್ದರು. ಕೇಸ್ ಶೀಟಿನಲ್ಲಿ ‘ಔಷಧ ಅಲರ್ಜಿ’ ಎಂಬ ಸಾಲನ್ನು ಆಮೇಲೆ ತುಂಬಿದರಾಯಿತೆಂದು ಖಾಲಿ ಬಿಟ್ಟೆ. ಪೂರ್ತಿ ಸೂಜಿ ಕೊಟ್ಟೆ.

ಕೆಲವೇ ನಿಮಿಷ. ಭಾಗ್ಯಳ ತುಟಿ ಊದಿತು, ಉಸಿರು ಸಿಕ್ಕಿಹಾಕಿಕೊಂಡಿತು, ಬಿ.ಪಿ. ಇಳಿಯಿತು. ಆಗ ನಾನು ಮಾಡಿದ ಯಾವುದರಲ್ಲೂ ಕೊರತೆಯಿರಲಿಲ್ಲ — ತೊಡೆಗೆ ಅಡ್ರಿನಲಿನ್, ಆಮ್ಲಜನಕ, ಎಡಮಗ್ಗುಲು, ಸಲೈನು, ಡಾಕ್ಟರಿಗೆ ಕೂಗು. ಅವರು ಥಿಯೇಟರಿನಿಂದ ಹಾಗೆಯೇ ಓಡಿ ಬಂದರು. ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಭಾಗ್ಯ ಉಳಿದಳು. ಮಗು ಉಳಿಯಲಿಲ್ಲ. ಗಂಡುಮಗು, ತಲೆತುಂಬ ಕೂದಲಿತ್ತು. ಸಣ್ಣಮ್ಮ ಮಡಿಸಿ ತಂದಿದ್ದ ಸೀರೆಯ ತುಂಡಿನಲ್ಲೇ ಸುತ್ತಿಕೊಟ್ಟೆ.

ಮಧ್ಯಾಹ್ನ ಊಟದ ಡಬ್ಬಿ ತೆರೆದೆ. ಚಿತ್ರಾನ್ನ ಇತ್ತು. ಮುಚ್ಚಿಟ್ಟೆ. ಕೇಸ್ ಶೀಟು ಮುಂದಿತ್ತು. ಆ ಒಂದು ಸಾಲು ಖಾಲಿಯಾಗಿ ನನ್ನನ್ನೇ ನೋಡುತ್ತಿತ್ತು.

ಬೆಳಗಿನಿಂದ ಬರೆದ ಅದೇ ನೀಲಿ ಪೆನ್ನು ತೆಗೆದುಕೊಂಡು ಬರೆದೆ: ‘ಅಲರ್ಜಿಯ ಬಗ್ಗೆ ಕೇಳಲಾಗಿದೆ. ಇಲ್ಲ ಎಂದಿದ್ದಾರೆ — ಅತ್ತೆ.’ ಬರೆದ ಸಮಯ ಹಾಕಲಿಲ್ಲ. ಆ ಸಾಲು ಬೆಳಿಗ್ಗೆಯೇ ಬರೆದದ್ದರಂತೆ, ಮೇಲಿನ, ಕೆಳಗಿನ ಸಾಲುಗಳ ನಡುವೆ ಅಚ್ಚುಕಟ್ಟಾಗಿ ಕೂತಿತು.

ಯಾರೂ ನನಗೆ ಹಾಗೆ ಬರೆಯಲು ಹೇಳಿಕೊಡಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಡಾಕ್ಟರಿಗಾಗಲಿ, ವಾರ್ಡಿನ ಬೇರೆ ಸಿಸ್ಟರುಗಳಿಗಾಗಲಿ ಇದು ಗೊತ್ತಿರಲಿಲ್ಲ. ಸಣ್ಣಮ್ಮ ಹೇಳಿದ್ದು ‘ಹಾಕಿಸಿಲ್ಲ’ ಎಂದೇ ಆಗಲೂ ನಂಬಿದ್ದೆ. ಆದರೆ ‘ಹಾಕಿಸಿಲ್ಲ’ ಎನ್ನುವುದೂ ‘ಅಲರ್ಜಿ ಇಲ್ಲ’ ಎನ್ನುವುದೂ ಒಂದಲ್ಲ ಎಂಬುದು ನನಗೆ ಗೊತ್ತಿರಲಿಲ್ಲವೇ? ನಾನು ಅಲರ್ಜಿಯ ಬಗ್ಗೆ ಕೇಳಿಯೇ ಇರಲಿಲ್ಲ. ಕೇಳಿದೆ ಎಂದು ಬರೆದೆ.

ಕೆಲವು ದಿನಕ್ಕೆ ವಿಚಾರಣೆ ಆಯಿತು. ಮೂವರು ಕೂತಿದ್ದರು. ಸಣ್ಣಮ್ಮನನ್ನೂ ಕರೆಸಿದ್ದರು. ಅವರು ಕುರ್ಚಿಯಲ್ಲಿ ಕೂರಲಿಲ್ಲ, ಸೆರಗು ಹೊದ್ದು ಗೋಡೆಗೆ ಒರಗಿ ನಿಂತರು. ಅಧಿಕಾರಿಯೊಬ್ಬರು ತೆಲುಗಿನಲ್ಲಿ ಕೇಳಿದರು: ಈ ಸೂಜಿ ನಿಮ್ಮ ಸೊಸೆಗೆ ಆಗುವುದಿಲ್ಲ ಅಂತ ನಿಮಗೆ ಗೊತ್ತಿತ್ತೇ?

“ಗೊತ್ತಿತ್ತು ಸಾಮಿ. ಮದ್ವೆ ಆದ್ ವರ್ಸ ಜ್ವರ ಬಂದಿತ್ತು, ನಮ್ಮೂರ್ ಡಾಕ್ಟ್ರು ಹಾಕಿದ್ರು, ಮೈಯೆಲ್ಲಾ ದದ್ದು ಎದ್ಬುಡ್ತು. ಆಸ್ಪತ್ರೇಲಿ ಹೇಳು ಅಂದಿದ್ರು. ಹೇಳ್ದೆ ಸಾಮಿ” ಎಂದು ಕನ್ನಡದಲ್ಲಿ ಶುರು ಮಾಡಿದವರು, ಅಧಿಕಾರಿಯ ಮುಖ ನೋಡಿ ತೆಲುಗಿಗೆ ತಿರುಗಿದರು. “ಪಡ್ಲೇದನಿ ಚೆಪ್ಪಿನಾನು ಸಾಮಿ.” ಪಡ್ಲೇದು ಅಂತ ಹೇಳಿದೆ ಎಂದು ಮತ್ತೆ ಅದೇ ರೀತಿ ಮುಂಗೈ ಸವರಿಕೊಂಡರು.

ಆ ಕ್ಷಣದಲ್ಲಿ ನನಗೆ ತಿಳಿಯಿತು. ಬದನೆಕಾಯಿ ನೆನಪಾಯಿತು. ನಗಬೇಡಿ — ಮೊದಲು ನೆನಪಾದದ್ದು ಬದನೆಕಾಯಿಯೇ. ಆಮೇಲೆ ಆ ಕೈ. ಆಮೇಲೆ ‘ಹೂಂ ಅಜ್ಜಿ, ಕೈಗೇ’ ಎಂದ ನನ್ನ ದನಿ.

ಅಧಿಕಾರಿ ಶೀಟಿನ ಮೇಲೆ ಬೆರಳಿಟ್ಟು ನನ್ನತ್ತ ತಿರುಗಿದರು: “ಆವಿಡ ಏಂ ಚೆಪ್ಪಿಂದಿ, ಸಿಸ್ಟರ್?” ಆಕೆ ಏನು ಹೇಳಿದಳು.

ನಾನು ಹೇಳಿದೆ: “ಏಮೀ ಲೇದನಿ ಚೆಪ್ಪಿಂದಿ ಸಾರ್.”

ಏನೂ ಇಲ್ಲ ಅಂತ ಹೇಳಿದರು ಸಾರ್. ತೆಲುಗಿನಲ್ಲಿ ನಾಲ್ಕೇ ಪದ. ಸಣ್ಣಮ್ಮ ನನ್ನ ಮುಖ ನೋಡಿದರು. ಸಿಟ್ಟಿನಿಂದಲ್ಲ — ತಾವು ಎಲ್ಲೋ ತಪ್ಪು ಕೇಳಿಸಿಕೊಂಡೆವೇನೋ ಎಂಬಂತೆ. ಬರವಣಿಗೆ ಇದ್ದ ಕಡೆ ಬಾಯಿಮಾತು ನಿಲ್ಲುವುದಿಲ್ಲ. ‘ಹೇಳಿದೆನೋ ಇಲ್ಲವೋ ನನಗೆ ಜ್ಞಾಪಕವಿಲ್ಲ’ ಎಂದು ಅವರೇ ಬರೆದುಕೊಂಡ ಹೇಳಿಕೆಯ ಕೆಳಗೆ ಅವರ ಹೆಬ್ಬೆಟ್ಟು ಒತ್ತಿಸಿಕೊಂಡರು. ನನ್ನ ಮೇಲೆ ಯಾವ ಕ್ರಮವೂ ಆಗಲಿಲ್ಲ.

ಯಾಕೆ ಹಾಗೆ ಮಾಡಿದೆ ಎಂದು ನೀವು ಕೇಳುತ್ತೀರಿ. ನರ್ಸುಗಳ ಕೈಗೆ ಹೊಸದಾಗಿ ಕೊಟ್ಟ ಅಧಿಕಾರ, ನಾನೊಬ್ಬಳು ಸಿಕ್ಕಿಬಿದ್ದರೆ ಎಲ್ಲರಿಂದಲೂ ಕಿತ್ತುಕೊಳ್ಳುತ್ತಾರೆ, ನನ್ನ ಜೊತೆ ಓದಿದವರಿಗೆಲ್ಲಾ ಕೆಟ್ಟ ಹೆಸರು — ಹೀಗೆಂದು ನನಗೆ ನಾನೇ ಹೇಳಿಕೊಂಡೆ. ಬಹಳ ದಿನ ಹೇಳಿಕೊಂಡೆ. ಅದು ಸುಳ್ಳಲ್ಲ, ಆದರೆ ಕಾರಣವೂ ಅಲ್ಲ. ಹೆದರಿದೆ. ಅಷ್ಟೇ.

ಆಮೇಲೆ ಹಿಂದೂಪುರಕ್ಕೆ ಬಂದೆ. ಈಗ ಒಂದು ತರಬೇತಿ ಕೇಂದ್ರದಲ್ಲಿ ನನ್ನಂಥವರನ್ನೇ ತಯಾರು ಮಾಡುವ ಕೆಲಸ. ವಾರಕ್ಕೊಂದು ತರಗತಿ ನರ್ಸಿನ ಕಾನೂನು ಹೊಣೆ, ನೈತಿಕ ಹೊಣೆಯ ಬಗ್ಗೆ — ಅದು ನನ್ನ ಪಾಲಿಗೇ ಬಂದಿತ್ತು. ಚೆನ್ನಾಗಿಯೇ ಕಲಿಸುತ್ತಿದ್ದೆ. ಒಂದು ದಿನ ರೇಷ್ಮಾ ಎಂಬ ಹುಡುಗಿ ಎದ್ದು ಕೇಳಿದಳು: “ಮೇಡಂ, ಒಂದು ಲೈನ್ ಖಾಲಿ ಬಿಟ್ಟಿದ್ರೆ ಆಮೇಲೆ ತುಂಬಬೋದಾ?”

“ತುಂಬಬಹುದು. ಆದರೆ ಈಗ ತುಂಬುತ್ತಿದ್ದೇನೆ ಅಂತ ಬರೆದು, ಈಗಿನ ಟೈಮ್ ಹಾಕಿ, ಸಹಿ ಮಾಡಬೇಕು.”

“ಟೈಮ್ ಹಾಕ್ದೆ ಇದ್ರೆ?”

“ಅದು ಸುಳ್ಳು ದಾಖಲೆ ಆಗುತ್ತೆ” ಎಂದೆ. ಬೋರ್ಡಿನ ಮೇಲೆ ಬರೆದೂ ತೋರಿಸಿದೆ. ಅವರೆಲ್ಲರೂ ಪುಸ್ತಕದಲ್ಲಿ ಇಳಿಸಿಕೊಂಡರು.

ಹೀಗೇ ನಡೆದುಹೋಗುತ್ತಿತ್ತು — ಈ ವರ್ಷ ಪರಿಗಿ ಹತ್ತಿರದ ಒಂದು ಹಳ್ಳಿಗೆ ಆ ಹುಡುಗಿಯರನ್ನು ಕರೆದುಕೊಂಡು ಹೋಗದೇ ಇದ್ದಿದ್ದರೆ.

ಬಿ.ಪಿ. ನೋಡುವ ಸಾಲಿನಲ್ಲಿ ಒಬ್ಬ ಮುದುಕಿ ಬಂದು ಕೂತರು. ರೇಷ್ಮೆಹುಳಕ್ಕೆ ಸೊಪ್ಪು ಬಿಡಿಸಿ ಬೆರಳೆಲ್ಲಾ ಕಪ್ಪು ಹಸಿರು. ನಾನು ಕೈಗೆ ಪಟ್ಟಿ ಸುತ್ತುತ್ತಿದ್ದೆ.

“ನೀನು ಕಲ್ಯಾಣದುರ್ಗದ ಅಮ್ಮಣ್ಣಿ ಅಲ್ವಾ?”

ಸಣ್ಣಮ್ಮ. ಇಳಿದುಹೋಗಿದ್ದರು. ಮಗಳ ಮನೆ ಅಲ್ಲೇ ಇತ್ತು. ಮೂರು ವರ್ಷದಿಂದ ಇಲ್ಲೇ ಇದ್ದೀನಿ ಅಂದರು. ಭಾಗ್ಯಳಿಗೆ ಆಮೇಲೆ ಹೆಣ್ಣುಮಗು ಆಯಿತಂತೆ. ಎಣ್ಣೆ ಹಚ್ಚಿ ನೀರು ಹಾಕಲು ಅಜ್ಜಿ ಕಾಲು ಚಾಚಿ ಕೂತಾಗ ಓಬಳೇಶ ಮಗುವನ್ನು ಎತ್ತಿಕೊಂಡು ಒಳಗೆ ಹೋದನಂತೆ. “ನಿನ್ ಕೈಗೆ ಒಂದನ್ನ ಕೊಟ್ಟಿದ್ದು ಸಾಕು ಅಂದ್ಬುಟ್ಟ ಕಣಮ್ಮ. ನಾನೂ ಚೀಲ ತಗಂಡು ಬಂದ್ಬುಟ್ಟೆ.” ಹೇಳುವಾಗ ಅವರು ಅಳಲಿಲ್ಲ. ಬೇರೆ ಏನನ್ನೋ ಕೇಳುವುದಿತ್ತು ಅವರಿಗೆ. ಸಾಲಿನಲ್ಲಿದ್ದವರಿಗೆ ಕೇಳಿಸದಂತೆ ಮುಂದಕ್ಕೆ ಬಾಗಿದರು.

“ಒಂದ್ ಮಾತು ಕೇಳ್ತೀನಿ, ನಿಜ ಹೇಳು ತಾಯಿ. ಮಗ ಹೇಳ್ಲಿಲ್ಲ ಅಂತಾನೆ. ಕಾಗ್ದ ಹೇಳ್ಲಿಲ್ಲ ಅಂತೈತೆ. ಸೊಸೆ ಮಾತೇ ಆಡಲ್ಲ. ಇಷ್ಟ್ ಜನ ಅಂದ್ಮೇಲೆ ನಂಗೇ ಈಗ ಅನ್ಮಾನ ಬಂದ್ಬುಟ್ಟೈತೆ. ನಾನು ಆವತ್ತು ಹೇಳಿದ್ನಾ… ಹೇಳ್ಲಿಲ್ವಾ?”

ಆ ಮುದುಕಿಯ ನೆನಪನ್ನೂ ನಾನು ಕಿತ್ತುಕೊಂಡಿದ್ದೆ. ಮಗ, ಮೊಮ್ಮಗು, ಮನೆ — ಅದೆಲ್ಲಾ ಹೋದದ್ದು ಸಾಲದೆಂದು, ತನ್ನ ಬಾಯಿಂದ ತಾನೇ ಆಡಿದ ಮಾತೂ ಅವರಿಗೆ ಉಳಿದಿರಲಿಲ್ಲ.

ಮತ್ತು ನಾನು — ಇದನ್ನು ಬರೆಯುವಾಗ ಪೆನ್ನು ನಿಲ್ಲುತ್ತಿದೆ, ಆದರೂ ಬರೆಯುತ್ತೇನೆ — ನಾನು ಪಟ್ಟಿಗೆ ಗಾಳಿ ತುಂಬುತ್ತಾ, “ನೆನಪಿಲ್ಲ ಅಜ್ಜಿ, ತುಂಬಾ ದಿನ ಆಯ್ತಲ್ಲ” ಎಂದೆ.

“ಹೌದು ಬಿಡು” ಎಂದರು ಸಣ್ಣಮ್ಮ. “ನಿಂಗೆಲ್ಲಿ ನೆನಪಿರ್ತೈತೆ, ದಿನಾ ಎಷ್ಟ್ ಜನ.”

ಆ ಸಂಜೆ ಒಲೆಯ ಮೇಲೆ ಬೇಳೆ ಇಟ್ಟು ಅಟ್ಟದಿಂದ ಹಳೆಯ ಡೈರಿಗಳ ಗಂಟು ಇಳಿಸಿದೆ. ಹುಡುಕಬೇಕಾಗಿಯೇನೂ ಇರಲಿಲ್ಲ. ಆ ಪುಟ ಎಲ್ಲಿದೆ ಎಂದು ಐದು ವರ್ಷವೂ ನನಗೆ ಗೊತ್ತಿತ್ತು. ನನ್ನ ಕೈಬರಹದಲ್ಲೇ ಇದೆ: ‘ಬಿಳಿ ಪುಡಿ ಸೂಜಿ ತೋರಿಸಿ ಹಿಂದೆ ಹಾಕಿಸಿದ್ರಾ ಅಂತ ಕೇಳಿದೆ. ಅಜ್ಜಿ ಪಡ್ಲೇದು ಅಂದ್ರು. ಕೈ ಸವರಿಕೊಂಡ್ರು. ಮೊದಲನೇ ಸಲ ಅಂತ ಹಾಕಿದೆ. ಮಗು ಹೋಯ್ತು. ಚಿತ್ರಾನ್ನ ಹಾಗೇ ವಾಪಸ್ ತಂದೆ.’

ಆಸ್ಪತ್ರೆಯ ಕಾಗದದಲ್ಲಿ ಸುಳ್ಳು, ಮನೆಯ ಕಾಗದದಲ್ಲಿ ನಿಜ. ಎರಡೂ ಒಂದೇ ದಿನ, ಒಂದೇ ಕೈ. ಕುಕ್ಕರು ಮೂರು ಕೂಗು ಕೂಗಿ ನಾಲ್ಕನೆಯದೂ ಕೂಗಿತು. ಯಜಮಾನರು ಬಂದು ಒಲೆ ಆರಿಸಿದರು. ಡೈರಿ ಕೊಟ್ಟೆ. ಓದಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಡೈರಿ ಓದಿ ಅವರು ನಗದೇ ಇದ್ದದ್ದು ಅದೇ ಮೊದಲು.

“ಕೆಲಸ ಹೋಗುತ್ತಾ?” ಎಂದರು.

“ಹೋಗಬಹುದು. ರಿಜಿಸ್ಟ್ರೇಷನ್ನೂ ಹೋಗಬಹುದು. ಕೇಸೂ ಆಗಬಹುದು.”

ಕುಕ್ಕರಿನ ಮುಚ್ಚಳ ತೆಗೆದು ನೋಡಿ, “ಬೇಳೆ ಕರಗೇ ಹೋಗಿದೆ, ಮಸೆಯೋದೇನೂ ಬೇಡ” ಎಂದು ಒಳಗೆ ಹೋದರು. ಅವರ ಒಪ್ಪಿಗೆ ಹಾಗೇ.

ಮರುದಿನ ಬೆಳಿಗ್ಗೆಯೇ ಪರಿಗಿಯ ಬಸ್ಸು ಹತ್ತಿದೆ. ಸಣ್ಣಮ್ಮ ಮಗಳ ಮನೆಯ ಮುಂದೆ ಸೊಪ್ಪು ಹರವುತ್ತಿದ್ದರು. ಪಕ್ಕದಲ್ಲಿ ಕೂತು ಹೇಳಿದೆ: “ಅಜ್ಜಿ, ನೀವು ಹೇಳಿದ್ರಿ. ‘ಪಡ್ಲೇದು’ ಅಂದ್ರಿ. ಕೈ ಸವರಿ ತೋರಿಸಿದ್ರಿ. ನಾನು ತಪ್ಪಾಗಿ ತಿಳ್ಕೊಂಡೆ. ಆಮೇಲೆ ಗೊತ್ತಾದ್ರೂ ಸುಳ್ಳು ಹೇಳಿದೆ. ನಿನ್ನೆ ನೆನಪಿಲ್ಲ ಅಂದಿದ್ದೂ ಸುಳ್ಳು.”

ಅವರ ಕೈ ಸೊಪ್ಪಿನ ಮೇಲೆ ನಿಂತಿತು. ಆಮೇಲೆ, ನನ್ನೊಡನೆ ಅಲ್ಲ, ತಮ್ಮೊಡನೆ ತಾವೇ ಎಂಬಂತೆ, “ಹಂಗಾದ್ರೆ ನಂಗೆ ಅರಳುಮರಳಲ್ಲ” ಎಂದರು.

“ಅಲ್ಲ ಅಜ್ಜಿ.”

“ನನ್ ಮಗನ್ ಮುಂದೆ ಹೇಳ್ತೀಯಾ?”

“ಹೇಳ್ತೀನಿ.”

“ಹಂಗಾದ್ರೆ ಇರು, ಸೀರೆ ಬದ್ಲಾಯಿಸ್ಕಂಡು, ಚೀಲ ತಗಂಡು ಬತ್ತೀನಿ.”

ಮಡಕಶಿರಾ ದಾಟಿ, ಪಾವಗಡದಲ್ಲಿ ಬಸ್ಸು ಬದಲಿಸಿದೆವು. ಅಲ್ಲಿ ಅವರು ತಮ್ಮ ತವರಿನ ಕಡೆ ಬೆರಳು ತೋರಿಸಿದರು. ನಾನು ತಂದಿದ್ದ ಇಡ್ಲಿ ಮುಟ್ಟಲಿಲ್ಲ. ಮುಟ್ಟಬೇಕೆಂದು ನಾನೂ ಒತ್ತಾಯಿಸಲಿಲ್ಲ.

ಕಲ್ಯಾಣದುರ್ಗದಲ್ಲಿ ಓಬಳೇಶನ ಅಂಗಡಿ ಮನೆಯ ಮುಂದಿನ ಭಾಗದಲ್ಲೇ ಇದೆ. ತಾಮ್ರದ ತಂತಿ ಸುತ್ತುತ್ತಿದ್ದವನು ತಾಯಿಯನ್ನು ನೋಡಿ ಎದ್ದು ನಿಂತ. ಭಾಗ್ಯ ಬಾಗಿಲಿಗೆ ಬಂದಳು, ಸೊಂಟದಲ್ಲಿ ಮೂರು ವರ್ಷದ ಮಗು. ನಾನು ಜಗುಲಿ ಹತ್ತಲಿಲ್ಲ. ಕೆಳಗೆ ನಿಂತೇ ಹೇಳಿದೆ — ಪರಿಗಿಯಲ್ಲಿ ಹೇಳಿದಷ್ಟನ್ನೇ, ಅದೇ ಕ್ರಮದಲ್ಲಿ. ಡೈರಿಯ ಪುಟ ತೆಗೆದು ಓಬಳೇಶನ ಕೈಗೆ ಕೊಟ್ಟೆ. ಅವನಿಗೆ ಕನ್ನಡ ಓದಲು ಬಾರದು. ನಾನೇ ಓದಿ ಹೇಳಬೇಕಾಯಿತು. ಚಿತ್ರಾನ್ನದ ಸಾಲನ್ನೂ ಬಿಡದೆ ಓದಿದೆ.

“ಐದ್ ವರ್ಸ ಎಲ್ಲೋಗಿದ್ರಿ ಮೇಡಂ?” ಎಂದ ಓಬಳೇಶ. ಕೂಗಲಿಲ್ಲ. ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಡೈರಿಯನ್ನು ಮುಚ್ಚಿದೆ.

ಭಾಗ್ಯ ಕೇಳಿದ್ದು ಬೇರೆ. “ನಾನು ಅಲ್ಲೇ ಮಂಚದ ಮೇಲಿದ್ನಲ್ಲ ಮೇಡಂ. ನೋವಿತ್ತು, ನಿಜ. ಬಾಯೇನು ಬಿದ್ದೋಗಿರ್ಲಿಲ್ಲ. ದದ್ದು ಎದ್ದಿದ್ದು ನನ್ ಮೈಮೇಲೆ. ನನ್ನ ಒಂದ್ ಮಾತು ಕೇಳಿದ್ರೆ ನಾನೇ ಹೇಳ್ತಿದ್ದೆ. ನೀವು ನನ್ನ ಕೇಳ್ಳೇ ಇಲ್ಲ.”

ವಿಚಾರಣೆಯಲ್ಲಿ ಕೂತಿದ್ದ ಮೂವರಿಗೂ ಹೊಳೆಯದ ಪ್ರಶ್ನೆ ಅದು. ಐದು ವರ್ಷ ಒಂದೇ ಪದವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ ನನಗೂ ಹೊಳೆದಿರಲಿಲ್ಲ. ಇಷ್ಟು ವರ್ಷ ಕಲಿಸುತ್ತಾ ಬಂದ ಪಾಠದ ಮೊದಲನೆಯ ಸಾಲೇ ಅದು: ಮೈ ಯಾರದೋ ಅವರನ್ನು ಕೇಳು.

“ಕೇಳಲಿಲ್ಲಮ್ಮ” ಎಂದೆ. “ಕೇಳಬೇಕಾಗಿತ್ತು.”

ಅಷ್ಟರಲ್ಲಿ ಸಣ್ಣಮ್ಮ ಮುಂದೆ ಬಂದು ನನ್ನ ಮೊಣಕೈ ಹಿಡಿದರು. “ಇನ್ನೊಂದ್ ಸತಿ ಹೇಳಮ್ಮ” ಎಂದರು. ಕಣ್ಣು ಮಗನ ಮೇಲಿತ್ತು. “ನಾನು ಹೇಳಿದ್ದೆ ಅಂತ ಹೇಳಿದ್ಯಲ್ಲ, ಅದೊಂದನ್ನೇ. ಗಟ್ಟಿಯಾಗಿ.”

“ಸಣ್ಣಮ್ಮ ಹೇಳಿದ್ದರು” ಎಂದೆ. ಎದುರು ಮನೆಯ ಹೆಂಗಸು ಕಸಬರಿಕೆ ಹಿಡಿದು ನಿಂತಿದ್ದಳು, ಅವಳಿಗೂ ಕೇಳುವ ಹಾಗೆ.

“ಕೇಳಿಸ್ಕಂಡೇನ್ಲಾ?” ಎಂದರು ಮಗನಿಗೆ.

ಓಬಳೇಶ ಜಗುಲಿಯ ಅಂಚಿನಲ್ಲಿ ತಾಯಿ ಇಟ್ಟಿದ್ದ ಚೀಲವನ್ನು ಎತ್ತಿಕೊಂಡು ಒಳಗೆ ಹೋದ. ಸಣ್ಣಮ್ಮ ಆ ಚೀಲದ ಹಿಂದೆಯೇ ಹೋದರು. ಹೊಸ್ತಿಲ ಮೇಲೆ ಒಂದು ಸಲವೂ ತಿರುಗಿ ನೋಡಲಿಲ್ಲ. ಭಾಗ್ಯ ಮಾತ್ರ ಬಾಗಿಲಲ್ಲೇ ನಿಂತು, “ಹೋಗ್ರಿ ಇನ್ನ” ಎಂದಳು. ನನಗೆ ನೀರು ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ. ಬಸ್ ನಿಲ್ದಾಣಕ್ಕೆ ನಡೆದೆ.

ಮಾರನೆಯ ದಿನ ಹೇಳಿಕೆ ಬರೆದು, ಡೈರಿಯ ಪುಟದ ಪ್ರತಿ ಲಗತ್ತಿಸಿ, ಕೊಡಬೇಕಾದ ಕಚೇರಿಗಳಿಗೆ ಕೊಟ್ಟು ರಸೀದಿ ತೆಗೆದುಕೊಂಡೆ. ಅದನ್ನು ಬರೆದ ಸಮಯವನ್ನೂ ಹಾಕಿದೆ. ತರಗತಿಯಲ್ಲಿ ರೇಷ್ಮಾಳ ಪ್ರಶ್ನೆಗೆ ಇನ್ನೊಮ್ಮೆ ಉತ್ತರ ಕೊಟ್ಟೆ, ಈ ಸಲ ಉದಾಹರಣೆ ಸಮೇತ. ಹುಡುಗಿಯರು ಪೆನ್ನು ಕೆಳಗಿಟ್ಟು ಕೇಳಿದರು. ಕೊನೆಗೆ ರೇಷ್ಮಾ, “ಮೇಡಂ, ನಾಳೆ ನೀವೇ ಬರ್ತೀರಾ ಕ್ಲಾಸಿಗೆ?” ಎಂದಳು. ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ. ಕೆಲಸ ಉಳಿಯಬೇಕೆಂಬ ಆಸೆ ನನಗಿದೆ. ಉಳಿಯಲೇಬೇಕು ಎನ್ನುವ ಹಕ್ಕಿಲ್ಲ. ಮಗು ಹೋದದ್ದು ಹೋಯಿತು, ಅದಕ್ಕೆ ನಾನು ಬರೆಯಬಹುದಾದ ಯಾವ ಸಾಲೂ ಇಲ್ಲ.

ವಿಚಾರಣೆಗೆ ಮತ್ತೆ ಕರೆ ಬಂದಿದೆ. ಬರುವ ವಾರ. ಸೀರೆ ಇಸ್ತ್ರಿ ಮಾಡಿಟ್ಟಿದ್ದೇನೆ, ಡೈರಿ ಚೀಲದಲ್ಲಿದೆ. ಅಧಿಕಾರಿಗಳು ಬೇರೆಯವರಿರಬಹುದು, ಆದರೆ ಕೇಳುವುದು ಅದನ್ನೇ — ಆಕೆ ಏನು ಹೇಳಿದಳು, ಸಿಸ್ಟರ್?

ಈ ಸಲ ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುವುದಿಲ್ಲ, ಕನ್ನಡಕ್ಕೂ ತಿರುಗಿಸುವುದಿಲ್ಲ. ಸಣ್ಣಮ್ಮ ಹೇಳಿದ ಹಾಗೆಯೇ, ಮುಂಗೈಯನ್ನು ಮೇಲಿನಿಂದ ಕೆಳಗೆ ಎರಡು ಸಲ ಸವರಿ ಹೇಳುತ್ತೇನೆ: ಪಡ್ಲೇದು.